ಪಾರ್ಟು ಬಿಡು ಎನ್ನುವ ಮುನ್ನ

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ತಿರುಮಕೂಡಲು ನರಸೀಪುರ ತಾಲ್ಲೂಕಿನ ಹೆಮ್ಮಿಗೆ, ತಲಕಾಡು, ಮಾಲಂಗಿ, ಮುಡುಕುತೊರೆಯ ಸುತ್ತಿನ ಊರುಗಳಲ್ಲಿ ಪೌರಾಣಿಕ ನಾಟಕದ ಕಾಲ. ಹಗಲೆಲ್ಲ ಗದ್ದೆಯಲ್ಲಿ ದುಡಿದವರು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ತಿಂಗಳುಗಟ್ಟಲೆ ಕಂದ, ವೃತ್ತ ಕಲಿಯುತ್ತಾರೆ. ಪಾರ್ಟಿಗೆ ತಾವೇ ದುಡ್ಡು ಕಟ್ಟಿ ಒಂದು ರಾತ್ರಿಯ ಮಟ್ಟಿಗೆ ದುರ್ಯೋಧನನೋ ಕರ್ಣನೋ ಆಗುತ್ತಾರೆ. ಇದನ್ನು ಶೋಕಿ ಎಂದು ತಳ್ಳಿಹಾಕುವವರು ಅವರನ್ನು ಸರಿಯಾಗಿ ನೋಡಿಲ್ಲ. ಅವರಲ್ಲಿ ಅನೇಕರಿಗೆ ಬದುಕಿನಲ್ಲಿ ಮಾಡಬೇಕೆಂದು ಆಸೆಪಟ್ಟ ಒಂದೇ ಒಂದು ಸೃಜನಶೀಲ ಕೆಲಸ ಅದು. ಇಂಥ ಊರಿನಲ್ಲಿ ಮೂವತ್ತರ ಆಸುಪಾಸಿನ ಒಬ್ಬ ನಟನಿಗೆ ಹೃದಯದ ಕವಾಟ ಬದಲಾಯಿಸಿದ್ದಾರೆ ಎಂದಿಟ್ಟುಕೊಳ್ಳೋಣ. ಊರು ಅವನಿಗೆ ಹೇಳುವ ಮೊದಲ ಮಾತು, "ಇನ್ ಪಾರ್ಟು ಗೀರ್ಟು ಬಿಟ್ಬುಡಪ್ಪ, ಮೊದ್ಲು ಜೀವ ನೋಡ್ಕೊ" ಎಂದೇ ಇರುತ್ತದೆ. ಈ ಮಾತಿನ ಹಿಂದಿನ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಅದರ ಹಿಂದಿನ ತರ್ಕ ಮಾತ್ರ ಗೋಜಲಾಗಿದೆ, ಮತ್ತು ಆ ಗೋಜಲಿನಿಂದ ಮನುಷ್ಯರಿಗೆ ನಿಜವಾದ ನಷ್ಟವಾಗುತ್ತಿದೆ.

ಆ ತರ್ಕವನ್ನು ಅದರ ಅತ್ಯಂತ ಗಟ್ಟಿಯಾದ ರೂಪದಲ್ಲೇ ಮೊದಲು ಮುಂದಿಡಬೇಕು. ಜೀವವಿದ್ದರೆ ತಾನೇ ಕಲೆ? ಹೃದಯಕ್ಕೆ ಒಂದು ಮಿತಿಯ ಶಕ್ತಿಯಿದೆ. ಕಾಯಿಲೆ ಆ ಶಕ್ತಿಯನ್ನು ಕುಗ್ಗಿಸಿದೆ. ಉಳಿದಿರುವುದನ್ನು ಅತ್ಯಗತ್ಯವಾದದ್ದಕ್ಕೆ ಖರ್ಚುಮಾಡಬೇಕೇ ಹೊರತು ಆಸೆಗಲ್ಲ. ಹೊಲ, ಮನೆ, ಮಕ್ಕಳು ಅತ್ಯಗತ್ಯ; ನಾಟಕ, ಹಾಡು, ಬರವಣಿಗೆ ಆಸೆ. ಜೊತೆಗೆ ಕಲೆ ಎಂದರೆ ಆವೇಶ, ಮತ್ತು ಆವೇಶ ಎದೆಗೆ ಆಗದು. ಆದ್ದರಿಂದ ಮೊದಲು ಆರೋಗ್ಯ, ಆಮೇಲೆ ಕಲೆ. ಇದರಲ್ಲಿ ಮೂರ್ಖತನವೇನೂ ಇಲ್ಲ. ಆಪರೇಷನ್ ಖರ್ಚಿಗೆ ಒಡವೆ ಅಡವಿಟ್ಟ ಹೆಂಡತಿ, ಐಸಿಯು ಬಾಗಿಲಲ್ಲಿ ರಾತ್ರಿಯೆಲ್ಲ ಕೂತ ತಾಯಿ ಹೀಗೆ ಯೋಚಿಸದೆ ಇನ್ನು ಹೇಗೆ ಯೋಚಿಸಿಯಾರು? ಆದರೆ ಈ ವಾದದೊಳಗೆ ಮೂರು ಊಹೆಗಳು ಅಡಗಿವೆ: ಕಾಯಿಲೆಗೆ ಒಂದು 'ಆಮೇಲೆ' ಇದೆ ಎಂಬುದು, ವಿಶ್ರಾಂತಿಯೇ ಹೃದಯಕ್ಕೆ ರಕ್ಷೆ ಎಂಬುದು, ಮತ್ತು ದಣಿಸುವುದು ಕಲೆಯೇ ಎಂಬುದು. ಮೂರನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು.

ನಮ್ಮ ಕಡೆ ಚಿಕ್ಕ ವಯಸ್ಸಿನಲ್ಲೇ ಕವಾಟ ಕೆಡುವುದಕ್ಕೆ ದೊಡ್ಡ ಕಾರಣ ರುಮಾಟಿಕ್ ಜ್ವರ. ಬಾಲ್ಯದಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ನೋಯುತ್ತದೆ, ಕೆಲವು ವಾರಗಳ ಮೇಲೆ ಕೀಲು ಊದಿಕೊಳ್ಳುತ್ತದೆ, ಆಮೇಲೆ ಎಲ್ಲವೂ ಸರಿಹೋದಂತೆ ಕಾಣುತ್ತದೆ. ಆದರೆ ಆ ಬ್ಯಾಕ್ಟೀರಿಯಾದ ವಿರುದ್ಧ ದೇಹ ಹೂಡಿದ ಪ್ರತಿರೋಧವೇ ಹೃದಯದ ಕವಾಟಗಳನ್ನೂ ಗಾಯಗೊಳಿಸಿರುತ್ತದೆ. ವರ್ಷಗಳು ಕಳೆದಂತೆ ಕವಾಟ ದಪ್ಪಗಾಗಿ, ಅಂಟಿಕೊಂಡು, ಇಪ್ಪತ್ತು-ಮೂವತ್ತರ ವಯಸ್ಸಿನಲ್ಲಿ ಏದುಸಿರಾಗಿ ಹೊರಬೀಳುತ್ತದೆ. ಹೆಂಗಸರಲ್ಲಿ ಎಷ್ಟೋ ಸಲ ಮೊದಲ ಬಸಿರಿನಲ್ಲಿ ಗೊತ್ತಾಗುತ್ತದೆ. ಬೇಗ ಪತ್ತೆಯಾದವರಿಗೆ ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್, ಅದೂ ವರ್ಷಗಟ್ಟಲೆ. ಮಿಟ್ರಲ್ ಕವಾಟ ಕಿರಿದಾಗಿದ್ದರೆ ತೊಡೆಯ ರಕ್ತನಾಳದಿಂದ ಬಲೂನು ಕಳಿಸಿ ಹಿಗ್ಗಿಸುತ್ತಾರೆ. ಅದೂ ಆಗದಿದ್ದರೆ ಎದೆಮೂಳೆ ಸೀಳಿ ಕೃತಕ ಕವಾಟ. ಲೋಹದ ಕವಾಟ ಹಾಕಿಸಿಕೊಂಡವರು ಬದುಕಿರುವಷ್ಟು ದಿನ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗಬೇಕು, ಐಎನ್‌ಆರ್ ಎಂಬ ರಕ್ತಪರೀಕ್ಷೆ ಮಾಡಿಸುತ್ತಲೇ ಇರಬೇಕು. ಮಿಟ್ರಲ್ ಜಾಗದ ಲೋಹದ ಕವಾಟಕ್ಕೆ ಆ ಅಂಕಿ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಬೇಕು. ಇಳಿದರೆ ಕವಾಟದಲ್ಲಿ ಹೆಪ್ಪು, ಏರಿದರೆ ರಕ್ತಸ್ರಾವ. ಒಂದು ವಾರ ದಿನವೂ ಸೊಪ್ಪಿನ ಸಾರು ಉಂಡು ಮುಂದಿನ ವಾರ ಪೂರಾ ಬಿಟ್ಟರೂ ಅಂಕಿ ಅಲುಗುತ್ತದೆ. ನಿಶ್ಶಬ್ದವಾದ ರಾತ್ರಿಯಲ್ಲಿ ಪಕ್ಕದಲ್ಲಿ ಮಲಗಿದವರಿಗೂ ಆ ಕವಾಟದ ಟಿಕ್ ಟಿಕ್ ಕೇಳಿಸುತ್ತದೆ. ಇಂಥವನಿಗೆ "ಮೊದಲು ಹುಷಾರಾಗು, ಆಮೇಲೆ ಹಾಡು" ಎಂದರೆ ಏನರ್ಥ? ಟೈಫಾಯಿಡ್ ಬಂದವನಿಗೆ ಆಡಬಹುದಾದ ಮಾತದು. ಅವನಿಗೆ ವಾಸಿಯಾಗುವ ದಿನವೊಂದಿದೆ. ಇವನಿಗೆ ಆ ದಿನ ಕ್ಯಾಲೆಂಡರಿನಲ್ಲೇ ಇಲ್ಲ. ಮುಗಿಯದ ಸಂಗತಿ ಮುಗಿದ ಮೇಲೆ ಎಂದು ಹೇಳುವುದು ಮುಂದೂಡಿಕೆಯ ವೇಷದಲ್ಲಿರುವ ನಿಷೇಧ. ನಿಷೇಧವೇ ಆಗಿದ್ದರೆ ಅದನ್ನು ನೇರವಾಗಿ ಹೇಳಿ ಕಾರಣ ಕೊಡಬೇಕು. ಮುಂದೂಡಿಕೆ ಎಂದರೆ ಕಾರಣ ಕೊಡುವ ಹೊಣೆಯಿಂದ ಎಲ್ಲರೂ ಜಾರಿಕೊಳ್ಳುತ್ತಾರೆ.

ಹೆಮ್ಮಿಗೆಯ ಜನಕ್ಕೆ ಇದು ತಿಳಿಯದ ವಿಚಾರವೇನಲ್ಲ. ಊರಿನ ಬಳಿ ಕಾವೇರಿಗೆ ಕಟ್ಟಿರುವ ಮಾಧವಮಂತ್ರಿ ಅಣೆಕಟ್ಟೆಯ ನಾಲೆ ಇದೆ. ಯಾವ ನಾಲೆಯಲ್ಲಾದರೂ ಕೊನೆಯ ಭಾಗದ ಜಮೀನಿಗೆ ನೀರು ತಡವಾಗಿ, ಕಡಿಮೆಯಾಗಿ ಬರುತ್ತದೆ. ಆ ಜಮೀನಿನವನು ನೀರು ತುಂಬಿ ಬರುವ ಕಾಲಕ್ಕೆಂದು ಬೇಸಾಯ ನಿಲ್ಲಿಸಿ ಕೂರುವುದಿಲ್ಲ, ತಲೆಭಾಗದವನಂತೆ ಎರಡು ಬೆಳೆ ಭತ್ತಕ್ಕೂ ಕೈಹಾಕುವುದಿಲ್ಲ. ಬರುವ ನೀರನ್ನು ಲೆಕ್ಕಹಾಕಿ ಬೆಳೆ ಆರಿಸುತ್ತಾನೆ. ಅದನ್ನು ಸೋಲು ಎಂದು ಯಾರೂ ಅನ್ನುವುದಿಲ್ಲ, ಸಾಹಸ ಎಂದೂ ಅನ್ನುವುದಿಲ್ಲ. ದೀರ್ಘಕಾಲದ ಹೃದ್ರೋಗವೂ ಬದುಕಿನ ಒಂದು ಪರಿಸ್ಥಿತಿ. ಅದರೊಳಗೇ ಏನು ಸಾಧ್ಯ ಎಂದು ಕೇಳಬೇಕೇ ಹೊರತು ಅದು ತೊಲಗಿದ ಮೇಲೆ ಏನು ಮಾಡೋಣ ಎಂದಲ್ಲ.

ಎರಡನೆಯ ಊಹೆ ವಿಶ್ರಾಂತಿಯದು. ಇದು ಬರಿಯ ಹಳ್ಳಿಯ ನಂಬಿಕೆಯಲ್ಲ, ವೈದ್ಯಶಾಸ್ತ್ರವೇ ಒಂದು ಕಾಲಕ್ಕೆ ಬೋಧಿಸಿ ಈಗ ಕೈಬಿಟ್ಟಿರುವ ಮಾತು. ಕಳೆದ ಶತಮಾನದ ಮಧ್ಯದವರೆಗೂ ಹೃದಯಾಘಾತವಾದವರನ್ನು ವಾರಗಟ್ಟಲೆ ಮಗ್ಗುಲು ಬದಲಿಸಲೂ ಬಿಡದೆ ಹಾಸಿಗೆಯಲ್ಲಿ ಇಡುತ್ತಿದ್ದರು. 1952ರಲ್ಲಿ ಅಮೆರಿಕದ ವೈದ್ಯರಾದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಅಂಥ ರೋಗಿಗಳನ್ನು ಬೇಗನೆ ಎಬ್ಬಿಸಿ ಆರಾಮಕುರ್ಚಿಯಲ್ಲಿ ಕೂರಿಸಿದ ಅನುಭವವನ್ನು ಪ್ರಕಟಿಸಿದಾಗ ಅದು ದುಸ್ಸಾಹಸವೆನಿಸಿತ್ತು. ಮಲಗಿಸಿಟ್ಟರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಸ್ನಾಯು ಸೊರಗುತ್ತದೆ, ಮನಸ್ಸು ಕುಗ್ಗುತ್ತದೆ ಎಂಬುದು ಈಗ ವಿವಾದದ ವಿಷಯವೇ ಅಲ್ಲ. ಇಂದು ಹೃದ್ರೋಗ ತಜ್ಞರು ನಡಿಗೆಯನ್ನು ಔಷಧಿಯಂತೆ ಪ್ರಮಾಣ ಹೇಳಿ ಬರೆದುಕೊಡುತ್ತಾರೆ. ಆಪರೇಷನ್ ಆದ ಮೊದಲ ಎರಡು ಮೂರು ತಿಂಗಳು ಎದೆಮೂಳೆ ಕೂಡುವವರೆಗೆ ಭಾರ ಎತ್ತಬಾರದು, ನಿಜ. ಕವಾಟ ತೀವ್ರವಾಗಿ ಕಿರಿದಾಗಿದ್ದು ಇನ್ನೂ ಚಿಕಿತ್ಸೆಯಾಗಿರದಿದ್ದರೆ, ಹೃದಯದ ಲಯ ತಪ್ಪುತ್ತಿದ್ದರೆ, ಮಲಗಿದರೆ ಉಸಿರು ಕಟ್ಟುವ ಸ್ಥಿತಿಯಿದ್ದರೆ ದಣಿವು ಅಪಾಯವೇ. ಹಾಗಿರುವಾಗ ಯಾವ ವಾದವೂ ಬೇಡ, ಆಸ್ಪತ್ರೆಯೇ ಸರಿ. ಆದರೆ ಕೆಲವು ವಾರಗಳಿಗೆಂದು ಹೇಳಿದ ಎಚ್ಚರಿಕೆಯನ್ನು ಊರು ಇಡೀ ಆಯುಸ್ಸಿಗೆ ಎಳೆದುಕೊಳ್ಳುತ್ತದೆ. ಡಾಕ್ಟರು "ಭಾರ ಎತ್ತಬೇಡ" ಎಂದದ್ದು ವರ್ಷ ಕಳೆಯುವುದರೊಳಗೆ "ಹಾಡಬೇಡ" ಎಂದಾಗಿರುತ್ತದೆ.

ಮೂರನೆಯ ಊಹೆಯೇ ಎಲ್ಲಕ್ಕಿಂತ ದುರ್ಬಲ, ಮತ್ತು ಹೆಚ್ಚು ಅನ್ಯಾಯ ಮಾಡುವುದೂ ಅದೇ. ದೇಹದ ಶ್ರಮಕ್ಕೆ ವೈದ್ಯರು ಒಂದು ಅಳತೆ ಇಟ್ಟುಕೊಂಡಿದ್ದಾರೆ: ಸುಮ್ಮನೆ ಕೂತಾಗ ದೇಹ ಬಳಸುವ ಆಮ್ಲಜನಕವನ್ನು ಒಂದು ಎಂದು ಹಿಡಿದು, ಪ್ರತಿ ಕೆಲಸವೂ ಅದರ ಎಷ್ಟು ಪಟ್ಟು ಎಂದು ಹೇಳುವುದು. ಕೂತು ಹಾಡುವುದು, ವಾದ್ಯ ನುಡಿಸುವುದು ಸುಮಾರು ಎರಡರಿಂದ ಮೂರು ಪಟ್ಟು. ಮೆಟ್ಟಿಲು ಹತ್ತುವುದು ನಾಲ್ಕಕ್ಕೂ ಹೆಚ್ಚು. ಗುದ್ದಲಿ ಹಿಡಿದು ಅಗೆಯುವುದು, ಹೊರೆ ಹೊತ್ತು ನಡೆಯುವುದು ಐದನ್ನು ದಾಟುತ್ತದೆ. ಬರೆಯುವುದಂತೂ ಒಂದೂವರೆಯ ಹತ್ತಿರ. ಈಗ ನಮ್ಮ ಮನೆಗಳಲ್ಲಿ ನಡೆಯುವುದನ್ನು ನೋಡಿ. ಕವಾಟದ ಕಾಯಿಲೆಯಿರುವ ಹೆಣ್ಣುಮಗಳಿಗೆ ಸೋಬಾನೆ ಹಾಡಲು, ಭಜನೆಗೆ ಹೋಗಲು "ಎದೆಗೆ ಆಗಲ್ಲ ಕಣವ್ವ" ಎಂದು ತಡೆಯುವ ಮನೆಯಲ್ಲೇ ಅವಳು ನೀರಿನ ಬಿಂದಿಗೆ ಹೊರುತ್ತಾಳೆ, ಹುಲ್ಲಿನ ಹೊರೆ ತರುತ್ತಾಳೆ, ಒಲೆಯ ಹೊಗೆ ಕುಡಿಯುತ್ತಾಳೆ. ಅವನ್ನು ಯಾರೂ ಎದೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದರೆ ಇಲ್ಲಿ ಅಳೆಯುತ್ತಿರುವುದು ಹೃದಯದ ಮೇಲಿನ ಭಾರವನ್ನೇ ಅಲ್ಲ. ಯಾವ ಕೆಲಸ ಮನೆಗೆ ಬೇಕು, ಯಾವುದು ಬೇಡ ಎಂಬುದು ಮೊದಲೇ ತೀರ್ಮಾನವಾಗಿದೆ. ಕಾಯಿಲೆ ಆ ತೀರ್ಮಾನಕ್ಕೆ ಸಿಕ್ಕ ನೆಪ. ಉಳಿದ ಶಕ್ತಿಯನ್ನು ಅತ್ಯಗತ್ಯಕ್ಕೆ ಖರ್ಚುಮಾಡಬೇಕೆಂಬ ಮಾತನ್ನು ಒಪ್ಪೋಣ. ಆದರೆ ಯಾವುದು ಅತ್ಯಗತ್ಯ ಎಂದು ತೀರ್ಮಾನಿಸುವವರಲ್ಲಿ ಆ ಎದೆ ಯಾರದೋ ಅವಳೂ ಇರಬೇಡವೇ?

"ಕುರುಕ್ಷೇತ್ರ ನಾಟಕ ಅಂದರೆ ಕೂತು ಹಾಡುವ ಭಜನೆಯಲ್ಲ" ಎಂದು ಇಲ್ಲಿ ಯಾರಾದರೂ ಆಕ್ಷೇಪಿಸಿದರೆ ಅವರು ಸರಿ. ಪೌರಾಣಿಕ ನಾಟಕದ ರಾತ್ರಿಯಲ್ಲಿ ಕವಾಟ ಬದಲಾದವನಿಗೆ ನಿಜವಾದ ಅಪಾಯಗಳಿವೆ. ಆದರೆ ಅವು ಎಲ್ಲಿವೆ ಎಂದು ಬಿಡಿಸಿ ನೋಡಿದರೆ ಚಿತ್ರ ಬದಲಾಗುತ್ತದೆ.

1. ರಾತ್ರಿ ಒಂಬತ್ತಕ್ಕೆ ನುಂಗಬೇಕಾದ ಮಾತ್ರೆ ಬಣ್ಣದ ಮನೆಯ ಗಡಿಬಿಡಿಯಲ್ಲಿ ತಪ್ಪುತ್ತದೆ. ಇಂಥದ್ದು ಮರುಕಳಿಸಿದರೆ ಐಎನ್‌ಆರ್ ಜಾರುತ್ತದೆ. ಈ ಅಪಾಯ ಹಾಡಿನಿಂದ ಬಂದದ್ದಲ್ಲ.

2. ಬೆಳಗಿನ ಜಾವ ಮೈಕೈ ನೋವಿಗೆಂದು ಯಾರೋ ಕೊಟ್ಟ ನೋವಿನ ಮಾತ್ರೆ ರಕ್ತ ತೆಳುವಾಗಿಸುವ ಔಷಧಿಯ ಜೊತೆ ಸೇರಿ ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಬಲ್ಲದು. ಧೈರ್ಯಕ್ಕೆಂದು ಹಾಕಿಕೊಳ್ಳುವ ಮದ್ಯ ಕೂಡ ಅಷ್ಟೇ ಕೆಟ್ಟದ್ದು.

3. ಗದಾಯುದ್ಧದಲ್ಲಿ ಮರದ ಗದೆಯ ಪೆಟ್ಟು ಬೇರೆಯವರಿಗೆ ಒಂದು ಬಾವು. ಇವನಿಗೆ ಅದು ತಲೆಗೆ ಬಿದ್ದರೆ ಪ್ರಾಣಾಪಾಯ.

4. ಬಿಗಿಯಾದ ಎದೆಕವಚ, ಭುಜಕೀರ್ತಿ, ನಡುಪಟ್ಟಿ ಕಟ್ಟಿಕೊಂಡು ಎತ್ತರದ ಶ್ರುತಿಯಲ್ಲಿ ಉಸಿರು ಬಿಗಿಹಿಡಿದು ಆಲಾಪ ಎಳೆಯುವುದು, "ಒನ್ಸ್ ಮೋರ್" ಎಂದಾಗ ಅದನ್ನೇ ಮತ್ತೆ ಎಳೆಯುವುದು. ಇದೊಂದು ಮಾತ್ರ ನೇರವಾಗಿ ಕಲೆಗೇ ಸೇರಿದ ಭಾರ.

5. ನಿದ್ದೆಗೆಟ್ಟ ರಾತ್ರಿಯ ಮರುದಿನವೇ ಗದ್ದೆಗಿಳಿಯುವುದು.

ಐದರಲ್ಲಿ ನಾಲ್ಕು ಕಲೆಯ ಸುತ್ತಲಿನ ವ್ಯವಸ್ಥೆಗೆ ಸೇರಿದವು. ಪಾರ್ಟು ಬಿಡು ಎಂದಾಗ ಇವು ಐದನ್ನೂ ಒಂದೇ ಗಂಟು ಕಟ್ಟಿ ಎಸೆದಂತಾಗುತ್ತದೆ. ಅದರಲ್ಲೂ ವಿಚಿತ್ರವೆಂದರೆ, ಪಾರ್ಟು ಬಿಟ್ಟವನು ಮಾತ್ರೆಯನ್ನು ಸರಿಯಾಗಿ ನುಂಗುತ್ತಾನೆ ಎಂಬ ಖಾತರಿ ಅದರಿಂದ ಸಿಗುವುದಿಲ್ಲ. ಹೃದ್ರೋಗದ ಜೊತೆ ಖಿನ್ನತೆ ಸೇರಿಕೊಂಡವರ ಸ್ಥಿತಿ ಬೇಗ ಬಿಗಡಾಯಿಸುತ್ತದೆ, ಅವರು ಔಷಧಿಯನ್ನೂ ಅಸಡ್ಡೆ ಮಾಡುತ್ತಾರೆ ಎಂಬುದು ವೈದ್ಯರಿಗೆ ದಶಕಗಳಿಂದ ಗೊತ್ತಿರುವ ವಿಷಯ. ಇದರಿಂದ ಕಲೆಯೇ ಔಷಧಿ ಎಂಬ ತೀರ್ಮಾನಕ್ಕೆ ನಾನು ಹಾರುವುದಿಲ್ಲ. ಹಾಡಿನಿಂದ ಯಾವ ಕವಾಟವೂ ಸರಿಹೋಗುವುದಿಲ್ಲ. ಕಸಿದುಕೊಳ್ಳುವುದಕ್ಕೂ ಒಂದು ಬೆಲೆಯಿದೆ, ಆ ಬೆಲೆಯನ್ನು ಲೆಕ್ಕದ ಇನ್ನೊಂದು ಬದಿಗೆ ಬರೆಯದೆ ಇರುವುದು ಅಪ್ರಾಮಾಣಿಕ ಎಂದಷ್ಟೇ ನನ್ನ ವಾದ.

ಈ ಬಿಡಿಸಿ ನೋಡುವ ಕೆಲಸ ಮೊದಲು ನಡೆಯಬೇಕಾದದ್ದು ಡಾಕ್ಟರ ಕೋಣೆಯಲ್ಲಿ. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಈ ಊರುಗಳಿಂದ ಬಸ್ಸಿನಲ್ಲಿ ಹೋಗಿ, ಸಾಲಿನಲ್ಲಿ ನಿಂತು, ತೋರಿಸಿಕೊಂಡು ಬರುವುದೆಂದರೆ ಪೂರಾ ಒಂದು ದಿನ. ಹೊರಗೆ ಅಷ್ಟು ಜನ ಕಾಯುತ್ತಿರುವಾಗ ಡಾಕ್ಟರ ಮುಂದೆ ಸಿಗುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ರೋಗಿ ತನ್ನ ಕಸುಬು ವ್ಯವಸಾಯ ಎಂದು ಹೇಳುತ್ತಾನೆ. ತಾನು ಹಾಡುತ್ತೇನೆ ಎಂಬುದನ್ನು ಹೇಳುವುದಿಲ್ಲ. ಅದು ಆಸ್ಪತ್ರೆಯಲ್ಲಿ ಹೇಳುವ ಮಾತಲ್ಲ ಎಂದು ಅವನೂ ನಂಬಿದ್ದಾನೆ. ಇದರ ಪರಿಣಾಮ ಸಣ್ಣದಲ್ಲ. ರಕ್ತದೊತ್ತಡಕ್ಕೂ ಹೃದಯದ ಸೋಲಿಗೂ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್ ಗುಂಪಿನ ಮಾತ್ರೆಗಳು ಒಳ್ಳೆಯ ಔಷಧಿಗಳೇ. ಆದರೆ ಕೆಲವರಿಗೆ ಬಿಡದ ಒಣಕೆಮ್ಮು ತರುತ್ತವೆ. ರೈತನಿಗೆ ಅದು ಕಿರಿಕಿರಿ, ಹಾಡುಗಾರನಿಗೆ ಹಾಡೇ ಮುಗಿದಂತೆ. ತಿಳಿಸಿದರೆ ಲೊಸಾರ್ಟನ್‌ನಂಥ ಬೇರೆ ಗುಂಪಿನ ಮಾತ್ರೆಗೆ ಬದಲಾಯಿಸಬಹುದು. ತಿಳಿಸದಿದ್ದರೆ ಅವನು "ಆಪರೇಷನ್ ಆದಮೇಲೆ ಗಂಟಲೇ ಹೋಯ್ತು" ಎಂದು ಕೊರಗುತ್ತಾನೆ, ಇಲ್ಲವೇ ಯಾರಿಗೂ ಹೇಳದೆ ಮಾತ್ರೆಯನ್ನೇ ಬಿಡುತ್ತಾನೆ. ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್‌ಗಳಿಂದ ಕೆಲವರಿಗೆ ಕೈಬೆರಳು ತಣ್ಣಗಾಗುತ್ತದೆ, ಬೇಗ ಸುಸ್ತಾಗುತ್ತದೆ. ತಬಲಾ ನುಡಿಸುವವನು ಅದನ್ನು ಹೇಳಬೇಕು. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಯಾವ ಹೊತ್ತಿಗೆ ನುಂಗಿದರೆ ಎರಡು ಗಂಟೆ ರಂಗದ ಮೇಲೆ ನಿಲ್ಲಬಹುದು ಎಂದು ಕೇಳಬೇಕು. ಇವು ಉತ್ತರವಿರುವ ಪ್ರಶ್ನೆಗಳು. ಕಲೆಯನ್ನು ಚಿಕಿತ್ಸೆಯ ಹೊರಗಿನ ಚಪಲ ಎಂದು ಎಣಿಸಿದ್ದರಿಂದಲೇ ಇವು ಕೇಳದೆ ಉಳಿದಿವೆ.

ಇನ್ನು ಎದುರು ದಿಕ್ಕಿನ ನಂಬಿಕೆ. ಛಲವಿದ್ದರೆ ಕಾಯಿಲೆಯೇನು ಮಹಾ, ಕಲಾವಿದನ ಆತ್ಮಬಲದ ಮುಂದೆ ದೇಹ ಸೋಲಲೇಬೇಕು ಎಂಬ ಮಾತು ಸನ್ಮಾನ ಸಮಾರಂಭಗಳಲ್ಲಿ ಧಾರಾಳವಾಗಿ ಕೇಳುತ್ತದೆ. ಇದು ಮೊದಲಿನ ಮಾತಿಗೆ ವಿರುದ್ಧವಾಗಿ ಕಂಡರೂ ಅದೇ ತಪ್ಪಿನ ಮೇಲೆ ನಿಂತಿದೆ. ಒಬ್ಬರಿಗೆ ಕಾಯಿಲೆ ಮೊದಲು ತೊಲಗಬೇಕು, ಇನ್ನೊಬ್ಬರಿಗೆ ಅದನ್ನು ಮೆಟ್ಟಿ ನಿಲ್ಲಬೇಕು. ಅದರ ಜೊತೆ ದಿನವೂ ಬಾಳುವ ಯೋಚನೆ ಇಬ್ಬರಿಗೂ ಇಲ್ಲ. ಆಸ್ಟ್ರಿಯಾದ ಸಂಗೀತಕಾರ ಗುಸ್ತಾವ್ ಮಾಲರ್ ಉದಾಹರಣೆಯನ್ನು ಛಲವಾದಿಗಳು ಎತ್ತಿಕೊಳ್ಳಬಹುದು. 1907ರ ಬೇಸಿಗೆಯಲ್ಲಿ ಮಗಳು ತೀರಿಕೊಂಡ ಕೆಲವೇ ದಿನಗಳಲ್ಲಿ ಅವನ ಕವಾಟದ ಕಾಯಿಲೆ ಪತ್ತೆಯಾಯಿತು. ಬೆಟ್ಟ ಹತ್ತುತ್ತ, ಈಜುತ್ತ, ನಡೆಯುತ್ತಲೇ ಸಂಗೀತ ಕಟ್ಟುತ್ತಿದ್ದವನಿಗೆ ವೈದ್ಯರು ಅವನ್ನೆಲ್ಲ ನಿಷೇಧಿಸಿದರು. ಅದಾದ ಮೇಲಿನ ವರ್ಷಗಳಲ್ಲೇ ಅವನು ಭೂಮಿಯ ಗೀತೆಯನ್ನೂ ಒಂಬತ್ತನೆಯ ಸಿಂಫನಿಯನ್ನೂ ರಚಿಸಿದ, ನ್ಯೂಯಾರ್ಕಿನಲ್ಲಿ ವಾದ್ಯವೃಂದ ನಡೆಸಿದ. ಆದರೆ 1911ರ ಮೇ 18ರಂದು ಅವನ ಜೀವ ತೆಗೆದದ್ದು ಸಂಗೀತದ ದಣಿವೂ ಅಲ್ಲ, ಛಲದ ಕೊರತೆಯೂ ಅಲ್ಲ. ಕೆಟ್ಟ ಕವಾಟದ ಮೇಲೆ ಬೇರುಬಿಟ್ಟ ಬ್ಯಾಕ್ಟೀರಿಯಾ. ಪೆನ್ಸಿಲಿನ್ ಆಗಿನ್ನೂ ಬಂದಿರಲಿಲ್ಲ. ಈ ಸೋಂಕಿನ ಭಯ ಇಂದಿಗೂ ಕೃತಕ ಕವಾಟದವರಿಗಿದೆ. ಹಲ್ಲು ಕೀಳಿಸುವ ಮುನ್ನ ಅವರಿಗೆ ಆಂಟಿಬಯಾಟಿಕ್ ಕೊಡುವುದು ಅದಕ್ಕೇ. ಹುಳುಕು ಹಲ್ಲನ್ನು ವರ್ಷಗಟ್ಟಲೆ ಕಡೆಗಣಿಸಿ, ಕಂದಪದ್ಯಕ್ಕೆ ಹೆದರುವವನು ಹೆದರಬೇಕಾದ ಜಾಗ ತಪ್ಪಿದ್ದಾನೆ.

ನಮ್ಮವರೇ ಆದ ಕುಮಾರ ಗಂಧರ್ವರದು ಹೃದಯದ ಕಾಯಿಲೆಯಲ್ಲ, ಕ್ಷಯ. ಆದರೂ ಅದು ಈ ವಾದಕ್ಕೆ ಹತ್ತಿರದ ಉದಾಹರಣೆ. 1924ರಲ್ಲಿ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರಯ್ಯ ಎಳವೆಯಲ್ಲೇ ಹೆಸರಾದವರು. ಇಪ್ಪತ್ತರ ಹರೆಯದಲ್ಲಿ ಕ್ಷಯ ತಗಲಿ ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದರು. ಅಲ್ಲಿ ಮಾಳವದ ಜನಪದ ಗೀತೆಗಳಿಗೆ ಕಿವಿಗೊಟ್ಟರು. ಸ್ಟ್ರೆಪ್ಟೊಮೈಸಿನ್ ಬಂದದ್ದರಿಂದ ಜೀವ ಉಳಿಯಿತು, ಒಂದು ಶ್ವಾಸಕೋಶ ಮಾತ್ರ ಕೆಲಸಕ್ಕೆ ಬಾರದಾಯಿತು. ಮರಳಿ ರಂಗಕ್ಕೆ ಬಂದವರು ದೀರ್ಘವಾದ ಉಸಿರಿನ ಆಲಾಪಗಳ ಬದಲು ಚಿಕ್ಕ, ಚುರುಕಾದ ಸ್ವರಗುಚ್ಛಗಳಲ್ಲಿ ರಾಗ ಕಟ್ಟಿದರು, ಮೌನವನ್ನೂ ಬಳಸಿಕೊಂಡರು; 1992ರಲ್ಲಿ ತೀರಿಕೊಳ್ಳುವವರೆಗೆ ನಾಲ್ಕು ದಶಕ ಹಾಡಿದರು. ಅವರ ಶೈಲಿಯನ್ನೆಲ್ಲ ಆ ಒಂದು ಶ್ವಾಸಕೋಶದ ಲೆಕ್ಕಕ್ಕೆ ಬರೆಯುವುದು ಅವರ ಚಿಂತನೆಗೆ ಮಾಡುವ ಅವಮಾನ. ಕಾಯಿಲೆ ಕಲೆಯನ್ನು ಆಳವಾಗಿಸುತ್ತದೆ ಎಂಬ ರಮ್ಯ ಮಾತನ್ನೂ ನಾನು ಒಪ್ಪುವುದಿಲ್ಲ, ಏಕೆಂದರೆ ಕ್ಷಯ ಬಂದು ಏನೂ ಹಾಡದೆ ಸತ್ತ ಸಾವಿರಾರು ಜನರ ಹೆಸರು ನಮಗೆ ಗೊತ್ತಿಲ್ಲ. ಇಲ್ಲಿಂದ ತೆಗೆದುಕೊಳ್ಳಬೇಕಾದದ್ದು ಇಷ್ಟೇ: ಔಷಧಿ ಮೊದಲು ತನ್ನ ಕೆಲಸ ಮಾಡಿತು, ಆಮೇಲೆ ಉಳಿದ ಉಸಿರಿಗೆ ತಕ್ಕ ಹಾಡನ್ನು ಹಾಡುಗಾರ ಹುಡುಕಿಕೊಂಡ. ಗಿರೀಶ ಕಾರ್ನಾಡರು ಕೊನೆಯ ವರ್ಷಗಳಲ್ಲಿ ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡೇ ಸಭೆಗಳಿಗೆ ಬಂದರು, 2018ರಲ್ಲಿ 'ರಾಕ್ಷಸ ತಂಗಡಿ' ನಾಟಕ ಕೊಟ್ಟರು. ಆ ನಳಿಕೆಯನ್ನು ಅವರು ಮುಚ್ಚಿಡಲಿಲ್ಲ, ಮೆರೆಸಲೂ ಇಲ್ಲ.

"ಅವರೆಲ್ಲ ದೊಡ್ಡವರು, ಹೆಮ್ಮಿಗೆಯ ದುರ್ಯೋಧನನಿಗೂ ಮಾಲರ್‌ಗೂ ಎಲ್ಲಿಯ ಹೋಲಿಕೆ?" ಎಂಬ ಆಕ್ಷೇಪ ಗಂಭೀರವಾದದ್ದು. ಮೇರುಕೃತಿ ಹುಟ್ಟೀತೆಂಬ ಕಾರಣಕ್ಕೆ ಅಪಾಯ ಸಹ್ಯ ಎನ್ನುವುದಾದರೆ ಸಾಮಾನ್ಯ ನಟನಿಗೆ ಆ ಹಕ್ಕಿಲ್ಲ ಎಂದೇ ಅರ್ಥ. ಅದಕ್ಕೇ ಈ ವಾದವನ್ನು ಪ್ರತಿಭೆಯ ಮೇಲೆ ನಿಲ್ಲಿಸಬಾರದು. ಊರ ನಟನ ದುರ್ಯೋಧನ ಚರಿತ್ರೆಯಲ್ಲಿ ಉಳಿಯುವುದಿಲ್ಲ. ಹಾಗೆ ನೋಡಿದರೆ ಅವನು ಬೆಳೆದ ಭತ್ತವೂ ಉಳಿಯುವುದಿಲ್ಲ. ಮನುಷ್ಯನೊಬ್ಬ ತನ್ನ ಬದುಕಿಗೆ ತಾನು ಕೊಟ್ಟುಕೊಂಡ ಅರ್ಥವನ್ನು ಅದರ ಗುಣಮಟ್ಟ ನೋಡಿ ಮಂಜೂರು ಮಾಡುವ ಅಧಿಕಾರ ಯಾರಿಗೂ ಇಲ್ಲ. ಅವನ ಅಪಾಯ ಎಷ್ಟು, ಅದನ್ನು ಹೇಗೆ ತಗ್ಗಿಸಬಹುದು ಎಂಬ ಪ್ರಶ್ನೆಗಳು ಪ್ರತಿಭೆಯಿದ್ದರೂ ಇಲ್ಲದಿದ್ದರೂ ಒಂದೇ.

ರಂಗದ ಮೇಲೆಯೇ ಏನಾದರೂ ಆದರೆ? ಈ ಭಯವನ್ನು ಹಗುರವಾಗಿ ನೋಡಲಾಗದು. ಕೆರೆಮನೆ ಶಂಭು ಹೆಗಡೆಯವರು 2009ರ ಫೆಬ್ರವರಿ 3ರಂದು ಇಡಗುಂಜಿಯಲ್ಲಿ ರಾಮನ ಪಾತ್ರ ಮಾಡಿದ ಬೆನ್ನಲ್ಲೇ ಕುಸಿದು ತೀರಿಕೊಂಡಾಗ, ಬಣ್ಣದಲ್ಲೇ ಹೋದ ಪುಣ್ಯವಂತ ಎಂದು ಜನ ಕಣ್ಣೀರಿಟ್ಟರು. ಎಪ್ಪತ್ತು ದಾಟಿದ, ಬದುಕೆಲ್ಲ ಯಕ್ಷಗಾನಕ್ಕೆ ಕೊಟ್ಟ ಮಹಾ ಕಲಾವಿದರ ವಿಷಯದಲ್ಲಿ ಅದು ಗೌರವದ ಮಾತು. ಆದರೆ ಅದನ್ನು ಆದರ್ಶವಾಗಿಸಿ ಎಳೆಯ ಮಕ್ಕಳಿರುವ ಮೂವತ್ತರ ನಟನ ಮುಂದೆ ಇಟ್ಟರೆ ಕ್ರೌರ್ಯವಾಗುತ್ತದೆ. ಸಾವನ್ನು ಕಲೆಯ ಪರಾಕಾಷ್ಠೆಯೆಂದು ಬಗೆಯುವ ಊರಿನಲ್ಲಿ ಆಂಬುಲೆನ್ಸಿನ ನಂಬರು ಯಾರ ಬಳಿಯೂ ಇರುವುದಿಲ್ಲ. ಇನ್ನೊಂದು ತುದಿಯಲ್ಲಿ, 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ನಲವತ್ತಾರನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಜನ ಹೃದಯ ತಪಾಸಣೆಗೆ ಆಸ್ಪತ್ರೆಗಳಿಗೆ ಮುಗಿಬಿದ್ದರು. ಎಲ್ಲ ದಣಿವೂ ಸಾವಿನ ಮುನ್ಸೂಚನೆ ಎಂಬಂತೆ ಭಯ ಹಬ್ಬಿತು. ಹಠಾತ್ ಆಘಾತಕ್ಕೂ, ಪತ್ತೆಯಾಗಿ ಔಷಧಿಯ ಹಿಡಿತದಲ್ಲಿರುವ ದೀರ್ಘ ಕಾಯಿಲೆಗೂ ವ್ಯತ್ಯಾಸವಿದೆ. ಆ ದುಃಖದಿಂದ ಹುಟ್ಟಿದ ಒಂದು ಒಳ್ಳೆಯ ಕೆಲಸವೆಂದರೆ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ: ಹೃದಯಾಘಾತವೆಂದು ಇಸಿಜಿಯಲ್ಲಿ ಖಚಿತವಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ತಾಲ್ಲೂಕು ಮಟ್ಟದಲ್ಲೇ ಉಚಿತವಾಗಿ ಕೊಡುವುದು. ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವನಿಗೆ ಆ ಇಂಜೆಕ್ಷನ್ ಅಪಾಯ ತರಬಹುದು. ಆದ್ದರಿಂದ ಅವನ ಆಸ್ಪತ್ರೆಯ ಚೀಟಿ ಜೇಬಿನಲ್ಲಿರಬೇಕು, ಜೊತೆಯ ನಟರಿಬ್ಬರಿಗಾದರೂ ವಿಷಯ ಗೊತ್ತಿರಬೇಕು. ಕಾಯಿಲೆ ಮುಚ್ಚಿಟ್ಟು ಪಾರ್ಟು ಮಾಡುವವನು ನಿಜವಾಗಿ ಅಪಾಯದಲ್ಲಿದ್ದಾನೆ. ಮತ್ತು ಅವನು ಮುಚ್ಚಿಡುವುದು, ಹೇಳಿದರೆ ಪಾರ್ಟು ಹೋಗುತ್ತದೆ ಎಂಬ ಭಯಕ್ಕೇ.

ಮನೆಯವರ ಆಕ್ಷೇಪಕ್ಕೆ ಮಾತ್ರ ನಾನು ಬಹುಪಾಲು ತಲೆಬಾಗುತ್ತೇನೆ. ಪಾರ್ಟಿನ ದುಡ್ಡು, ಡ್ರೆಸ್ಸಿನ ಬಾಡಿಗೆ, ಸೀನರಿಯ ಪಾಲು, ಅಭಿಮಾನಿಗಳ ಊಟ ಎಂದು ಒಬ್ಬ ನಟನ ಕೈಬಿಡುವ ಹಣ ಬಡ ಮನೆಗೆ ಸಣ್ಣದಲ್ಲ. ಅದೇ ಮನೆ ತಿಂಗಳ ಮಾತ್ರೆಗೂ ಪರೀಕ್ಷೆಗೂ ಹಣ ಹೊಂದಿಸಬೇಕು. ಐಎನ್‌ಆರ್ ಮಾಡಿಸಲು ಕಾಸಿಲ್ಲ, ಕರ್ಣನ ಕಿರೀಟಕ್ಕೆ ಇದೆ ಎಂದಾದರೆ ಹೆಂಡತಿಯ ಸಿಟ್ಟು ನ್ಯಾಯವಾದದ್ದು. ಅಲ್ಲಿ ವಾದ ಎದೆಯ ಬಗ್ಗೆ ಅಲ್ಲ, ಹಣದ ಬಗ್ಗೆ. ಅದನ್ನು ಹಣದ ವಾದವಾಗಿಯೇ ಮನೆಯಲ್ಲಿ ಕೂತು ಮಾತಾಡಿದರೆ ದಾರಿ ಸಿಗುತ್ತದೆ. ಕಡಿಮೆ ಖರ್ಚಿನ ಪಾರ್ಟಿದೆ, ಹಿಮ್ಮೇಳವಿದೆ, ಹುಡುಗರಿಗೆ ಹೇಳಿಕೊಡುವ ಕೆಲಸವಿದೆ.

ಕೊನೆಯದಾಗಿ ಸಂಪ್ರದಾಯದ ಮಾತು: ಶ್ರುತಿ ಇಳಿಸಿದರೆ, ಹೊತ್ತು ಬದಲಿಸಿದರೆ ಅದು ಕುರುಕ್ಷೇತ್ರವೇ ಅಲ್ಲ ಎನ್ನುವವರಿದ್ದಾರೆ. ಇದೇ ತಾಲ್ಲೂಕಿನ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಪಿಟೀಲು ಚೌಡಯ್ಯನವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿದ್ದು, ಮೈಕಿಲ್ಲದ ಕಾಲದಲ್ಲಿ ಪಿಟೀಲಿನ ನಾದ ಹಿಂದಿನ ಸಾಲಿನವರೆಗೆ ಮುಟ್ಟದೆ ಹೋಗುತ್ತಿದ್ದುದರಿಂದ. ಕೇಳುಗನ ಕಿವಿಗಾಗಿ ವಾದ್ಯವನ್ನೇ ಬದಲಿಸಿದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಪೌರಾಣಿಕ ನಾಟಕದ ಗಂಟಲು ಹರಿಯುವ ಎತ್ತರದ ಶ್ರುತಿಗೂ ಮೈಕಿಲ್ಲದ ಬಯಲೇ ಒಂದು ಕಾರಣವಾಗಿತ್ತು. ಈಗ ಪ್ರತಿ ನಟನ ಮುಂದೆ ಮೈಕು ತೂಗುತ್ತದೆ, ಶ್ರುತಿ ಮಾತ್ರ ಇಳಿದಿಲ್ಲ. ಅದಕ್ಕಿಂತಲೂ ಹತ್ತಿರದ ಪೂರ್ವನಿದರ್ಶನ ನಮ್ಮ ನಾಟಕದೊಳಗೇ ಇದೆ. ಕೃಷ್ಣನ ಪಾರ್ಟಿಗೆ ಇಬ್ಬರು ದುಡ್ಡು ಕಟ್ಟಲು ಮುಂದೆ ಬಂದರೆ ಮೇಷ್ಟ್ರು ಪಾತ್ರವನ್ನು ಸೀನುಗಳ ಪ್ರಕಾರ ಹಂಚಿಬಿಡುತ್ತಾರೆ. ಅರ್ಧ ರಾತ್ರಿಯಲ್ಲಿ ಕೃಷ್ಣನ ಮುಖವೇ ಬದಲಾದರೂ ಪ್ರೇಕ್ಷಕರು ತಕರಾರಿಲ್ಲದೆ ನೋಡುತ್ತಾರೆ. ದುಡ್ಡಿಗಾಗಿ ಹಂಚಬಹುದಾದ ಪಾತ್ರವನ್ನು ಒಬ್ಬನ ಎದೆಯ ಸಲುವಾಗಿ ಹಂಚಲು ಯಾವ ಶಾಸ್ತ್ರ ಅಡ್ಡ ಬರುತ್ತದೆ? ಕವಾಟ ಬದಲಾದ ನಮ್ಮ ನಟನಿಗೆ ಮೊದಲ ಭಾಗದ ದುರ್ಯೋಧನ, ಅಂದರೆ ದರ್ಬಾರು ಮತ್ತು ಕೃಷ್ಣ ಸಂಧಾನದ ಸೀನುಗಳು ಸಾಕು. ಬೆಳಗಿನ ಜಾವದ ಗದಾಯುದ್ಧ ಇನ್ನೊಬ್ಬನಿಗಿರಲಿ. ಹಾರ್ಮೋನಿಯಂ ಶ್ರುತಿ ಅವನ ಸೀನುಗಳಿಗೆ ಒಂದು ಮನೆ ಕೆಳಗಿಳಿಯಲಿ, ನಾಟಕ ಹತ್ತರ ಬದಲು ಏಳಕ್ಕೆ ಶುರುವಾಗಲಿ. ಆ ವಾರದ ರಕ್ತಪರೀಕ್ಷೆಯ ಚೀಟಿಯನ್ನು ಅವನು ಪ್ರಾಕ್ಟೀಸಿನ ದಿನವೇ ಮೇಷ್ಟ್ರಿಗೆ ತೋರಿಸಲಿ, ಒಂಬತ್ತಾದ ಕೂಡಲೇ ಮಾತ್ರೆ ಕೊಡುವ ಕೆಲಸವನ್ನು ಬಣ್ಣದ ಮನೆಯಲ್ಲಿ ಒಬ್ಬರು ವಹಿಸಿಕೊಳ್ಳಲಿ.